ಇನ್ಸುಲಿನ್ ತೆಗೆದುಕೊಳ್ಳುವ ಮಾವ, ಮರೆವು ಶುರುವಾದ ಅತ್ತೆ: ಇಬ್ಬರೂ ಘಾನಾದ ಮಿಷನ್‌ಗೆ ಹೋಗಬಹುದೆ?

ಪ್ರಶ್ನೆ: ಡಾಕ್ಟರೇ, ನಾನು ಶಿವಮೊಗ್ಗದವಳು. ಮದುವೆಯಾಗಿ ಹನ್ನೆರಡು ವರ್ಷಗಳಿಂದ ಅಮೆರಿಕದ ಯೂಟಾ ರಾಜ್ಯದಲ್ಲಿದ್ದೇನೆ. ಗಂಡ ಇಲ್ಲಿಯವರು; ಅವರ ಮನೆತನ ತಲೆಮಾರುಗಳಿಂದ ಮಾರ್ಮನ್ ಚರ್ಚಿಗೆ ಸೇರಿದ್ದು. ಮಾವನಿಗೆ 71 ವರ್ಷ, ಅತ್ತೆಗೆ 68. ಹಿರಿಯ ದಂಪತಿ ಮಿಷನರಿಗಳಾಗಲು ಇಬ್ಬರೂ ಅರ್ಜಿ ಹಾಕಿದ್ದರು. ಘಾನಾ ದೇಶದ ಕುಮಾಸಿಯಲ್ಲಿ 18 ತಿಂಗಳು ಸೇವೆ ಮಾಡುವಂತೆ ಕರೆಪತ್ರ ಬಂದಿದೆ, ಹೊರಡಲು ಇನ್ನು ಹನ್ನೊಂದು ವಾರವಿದೆ. ಮಾವನಿಗೆ ಸಕ್ಕರೆ ಕಾಯಿಲೆ. ಮಾತ್ರೆಯ ಜೊತೆಗೆ ರಾತ್ರಿ ಒಂದು ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ, ಎದೆಬಡಿತದ ಏರುಪೇರಿಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಇದೆ. ಅತ್ತೆಗೆ ಒಂದು ಮಂಡಿ ಬದಲಿಸಿದ್ದಾರೆ. ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುತ್ತಾರೆ. ಈ ವಯಸ್ಸಿನವರು ಬಿಸಿಲಿನಲ್ಲಿ ಮನೆಮನೆ ಸುತ್ತಬೇಕೆ? ಮಕ್ಕಳೊಂದಿಗೆ ಫೋನಿನಲ್ಲಿ ಮಾತನಾಡಲು ಬಿಡುವುದಿಲ್ಲವಂತೆ, ನಿಜವೆ? ಊರಿನಿಂದ ಅಮ್ಮ, “ವಯಸ್ಸಾದವರನ್ನು ಅಷ್ಟು ದೂರ ಕಳಿಸಿ ನೀವು ಹೇಗೆ ಸುಮ್ಮನಿರುತ್ತೀರಿ?” ಎಂದು ಕೇಳುತ್ತಾರೆ.

ಇನ್ನೊಂದು ವಿಷಯ. ಅತ್ತೆ ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಗಂಟೆಯಲ್ಲಿ ಮೂರು ಸಲ ಕೇಳುತ್ತಾರೆ. ಎಷ್ಟೋ ವರ್ಷಗಳಿಂದ ಮಾಡುತ್ತಿದ್ದ ಬ್ರೆಡ್‌ಗೆ ಮೊನ್ನೆ ಎರಡು ಸಲ ಉಪ್ಪು ಹಾಕಿದರು. ನಿದ್ದೆಗೆ ಅಂಗಡಿಯಿಂದ ತಂದ ಮಾತ್ರೆ ನುಂಗುತ್ತಾರೆ. ಆರೋಗ್ಯದ ಅರ್ಜಿಯಲ್ಲಿ ಇದೊಂದನ್ನೂ ಬರೆದಿಲ್ಲ. ಸೊಸೆಯಾದ ನಾನು ಬಾಯಿ ಬಿಟ್ಟರೆ ಅವರ ಕನಸನ್ನು ನಾನೇ ಕೆಡಿಸಿದಂತಾಗುತ್ತದೆಯೆ?

ಉತ್ತರ: ನಿಮ್ಮ ಪತ್ರದ ಬಹುಭಾಗ ಮಾವನ ಸಕ್ಕರೆ ಮತ್ತು ಬಿಸಿಲಿನ ಬಗ್ಗೆ ಇದೆ. ಅತ್ತೆಯ ಮರೆವನ್ನು ಕೊನೆಯಲ್ಲಿ ಐದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಐದು ಸಾಲುಗಳಲ್ಲಿ. ಅಲ್ಲಿಗೆ ಬರುತ್ತೇನೆ. ಮೊದಲು ನಿಮ್ಮ ಅಮ್ಮನಿಗೆ ಧೈರ್ಯ ಹೇಳುವಂತಹ ಕೆಲವು ವಿಷಯಗಳನ್ನು ಹೇಳಿಬಿಡುತ್ತೇನೆ.

ನಾನು ಈ ಚರ್ಚಿನ ಸದಸ್ಯನಲ್ಲ. ಮೈಸೂರಿನಲ್ಲಿ ಓದಿ ಬಂದು ಇಪ್ಪತ್ತಾರು ವರ್ಷಗಳಿಂದ ಸಾಲ್ಟ್ ಲೇಕ್ ಕಣಿವೆಯಲ್ಲಿ ಕುಟುಂಬ ವೈದ್ಯನಾಗಿದ್ದೇನೆ. ಇಲ್ಲಿ ನಿವೃತ್ತಿಯ ಮಾತು ಬಂದರೆ ಮಿಷನ್ನಿನ ಮಾತೂ ಬರುತ್ತದೆ. ಆರೋಗ್ಯದ ಅರ್ಜಿ ಹಿಡಿದು ಬಂದ ಎಷ್ಟೋ ದಂಪತಿಗಳನ್ನು ಪರೀಕ್ಷಿಸಿದ್ದೇನೆ, ಹೋಗಿ ಬಂದವರ ಅನುಭವ ಕೇಳಿದ್ದೇನೆ.

ಮನೆಮನೆ ಬಾಗಿಲು ತಟ್ಟುವುದು, ಬೆಳಗ್ಗೆ ಆರೂವರೆಗೆ ಏಳುವುದು, ಇಡೀ ದಿನ ನಡೆಯುವುದು, ಇವೆಲ್ಲ ಇಪ್ಪತ್ತರ ಆಸುಪಾಸಿನ ಯುವ ಮಿಷನರಿಗಳ ದಿನಚರಿ. ಹಿರಿಯ ದಂಪತಿಯ ಕೆಲಸವೇ ಬೇರೆ. ಮಿಷನ್ ಕಚೇರಿಯ ಲೆಕ್ಕಪತ್ರ, ವಾಹನಗಳ ಉಸ್ತುವಾರಿ, ಯುವಕರು ಇರುವ ಬಾಡಿಗೆ ಮನೆಗಳ ತಪಾಸಣೆ, ಸಣ್ಣ ಸಭೆಗಳಿಗೆ ಹೋಗಿ ಅಲ್ಲಿಯವರಿಗೆ ಬೆಂಬಲ ಕೊಡುವುದು, ಬಾವಿ, ಗಾಲಿಕುರ್ಚಿಗಳಂತಹ ಪರಿಹಾರ ಕಾರ್ಯ. ಮನೆ ತಪಾಸಣೆ ಎಂದರೆ ಒಲೆಯ ಮೇಲಿನ ಜಿಡ್ಡು ನೋಡುವುದಷ್ಟೇ ಅಲ್ಲ. ಸೊಳ್ಳೆಪರದೆ ಹರಿದಿದೆಯೆ, ನೀರಿನ ಫಿಲ್ಟರ್ ಬದಲಿಸಿದ್ದಾರೆಯೆ, ಮಲೇರಿಯಾ ಮಾತ್ರೆಯ ಡಬ್ಬಿ ತೆರೆದಿದೆಯೆ ಎಂದು ನೋಡಬೇಕು. ಮನೆಯಿಂದ ಮೊದಲ ಸಲ ದೂರ ಬಂದ ಹುಡುಗರು ಒಬ್ಬ ಅಜ್ಜಿ ತಟ್ಟೆ ತುಂಬಾ ಬಿಸ್ಕತ್ತು ಹಿಡಿದು ಬಾಗಿಲಿಗೆ ಬಂದರೆ ಅತ್ತುಬಿಡುತ್ತಾರೆ ಎಂದು ಮಿಷನ್ ಮುಗಿಸಿ ಬಂದ ಒಬ್ಬ ತಾಯಿ ನನಗೆ ಹೇಳಿದ್ದರು. ಆ ಮಿಷನ್ನಿನಲ್ಲಿ ಮಾಡಿದ ಎಲ್ಲ ಕೆಲಸಗಳಲ್ಲಿ ಅವರಿಗೆ ನೆನಪಿದ್ದದ್ದು ಅದೇ.

ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರುತ್ತಾರೆ. ಮಕ್ಕಳು ಮೊಮ್ಮಕ್ಕಳೊಂದಿಗೆ ಬೇಕಾದಾಗ ಮಾತನಾಡಬಹುದು. ಫೋನಿನ ಕಟ್ಟುನಿಟ್ಟು ಇದ್ದದ್ದು ಯುವ ಮಿಷನರಿಗಳಿಗೆ. 2019ರಿಂದ ಅವರೂ ವಾರಕ್ಕೊಮ್ಮೆ ಮನೆಗೆ ಕರೆ ಮಾಡಬಹುದು. ಚರ್ಚು ಸಂಬಳ ಕೊಡುವುದಿಲ್ಲ, ಖರ್ಚು ದಂಪತಿಯದೇ. 2011ರಲ್ಲಿ ಮನೆಬಾಡಿಗೆಯ ಹೊರೆಗೆ ತಿಂಗಳಿಗೆ 1,400 ಡಾಲರ್ ಮಿತಿ ಹಾಕಿದ ಮೇಲೆ ಮಧ್ಯಮ ವರ್ಗದವರಿಗೂ ಇದು ಕೈಗೆಟುಕಿತು.

ಹಿರಿಯರನ್ನು ಆಫ್ರಿಕಕ್ಕೆ ಕಳಿಸುವುದು ಹೊಸ ಸಾಹಸವೂ ಅಲ್ಲ. 1978ರಲ್ಲಿ ಈ ಚರ್ಚು ಪಶ್ಚಿಮ ಆಫ್ರಿಕಕ್ಕೆ, ಅಂದರೆ ನೈಜೀರಿಯಾ ಮತ್ತು ಘಾನಾಕ್ಕೆ, ಮೊದಲು ಕಳಿಸಿದ್ದು ಎರಡು ಹಿರಿಯ ಜೋಡಿಗಳನ್ನೇ: ಮೇಬಿ ದಂಪತಿ ಮತ್ತು ಕ್ಯಾನನ್ ದಂಪತಿ. ಬೆಂಗಳೂರಿನಲ್ಲಿಯೂ 1993ರಿಂದ ಇವರ ಮಿಷನ್ ಇದೆ ಎಂದು ಅಮ್ಮನಿಗೆ ಹೇಳಿ. ದೂರದ ಮಾತು ಸ್ವಲ್ಪ ಹತ್ತಿರವಾದೀತು.

ಈಗ ಮಾವನ ವಿಷಯ. ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ನಾನು ಯಾರನ್ನೂ ತಡೆದಿಲ್ಲ. ಕಳೆದ ಆರು ತಿಂಗಳಲ್ಲಿ ಸಕ್ಕರೆ ಹತೋಟಿಯಲ್ಲಿತ್ತೆ, ಔಷಧದ ಪ್ರಮಾಣ ಬದಲಾಗದೆ ನಿಂತಿತ್ತೆ, ಅವರು ತಾವೇ ನಿಭಾಯಿಸುತ್ತಾರೆಯೇ ಅಥವಾ ಅತ್ತೆ ನೆನಪಿಸಬೇಕೆ ಎಂದು ನೋಡುತ್ತೇನೆ. ಈ ಕೊನೆಯ ಪ್ರಶ್ನೆ ನಿಮ್ಮ ಮನೆಯಲ್ಲಿ ಬಹಳ ಮುಖ್ಯ. ನಲವತ್ತು ವರ್ಷ ಗಂಡನ ಮಾತ್ರೆಯ ಡಬ್ಬಿ ತುಂಬಿದ ಹೆಂಡತಿಗೇ ಮರೆವು ಶುರುವಾದರೆ ಎರಡು ಕಾಯಿಲೆಗಳೂ ಒಟ್ಟಿಗೆ ಕೈತಪ್ಪುತ್ತವೆ.

ಇನ್ಸುಲಿನ್ ಶಾಖಕ್ಕೆ ಕೆಡುತ್ತದೆ. ತೆರೆದ ಪೆನ್ನನ್ನು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು 28 ದಿನ ಹೊರಗಿಡಬಹುದು. ತೆರೆಯದ ದಾಸ್ತಾನು ಫ್ರಿಜ್‌ನಲ್ಲೇ ಇರಬೇಕು. ಘಾನಾದಲ್ಲಿ ವಿದ್ಯುತ್ ಹೋಗಿ ಬಂದು ಮಾಡುವುದಕ್ಕೆ ‘ಡುಮ್‌ಸೋರ್’ ಎಂಬ ಹೆಸರೇ ಇದೆ. ನಮ್ಮ ಊರಿನ ಮಣ್ಣಿನ ಮಡಕೆಯ ಉಪಾಯ ನಿಮಗೆ ಹೊಳೆದಿರಬಹುದು, ಆದರೆ ಮಡಕೆ ತಂಪಾಗುವುದು ನೀರು ಆವಿಯಾದಾಗ. ಕುಮಾಸಿ ಮಳೆಕಾಡಿನ ಸೀಮೆ, ಗಾಳಿಯೇ ಒದ್ದೆ. ನಮ್ಮ ಬಯಲುಸೀಮೆಯಲ್ಲಿ ಕೆಲಸ ಮಾಡುವ ಮಡಕೆ ಅಲ್ಲಿ ಅಷ್ಟು ಮಾಡುವುದಿಲ್ಲ. ಅವರು ಇರುವ ಮನೆಗೆ ಜನರೇಟರ್ ಅಥವಾ ಇನ್ವರ್ಟರ್ ಇದೆಯೆ ಎಂದು ಮಿಷನ್ ಕಚೇರಿಯನ್ನು ಈಗಲೇ ಕೇಳಿ. ಅತ್ತೆಯ ಉಸಿರಾಟದ ಯಂತ್ರಕ್ಕೂ ಇದೇ ಉತ್ತರ ಬೇಕು. ಅಲ್ಲಿ 230 ವೋಲ್ಟ್. ಯಂತ್ರದ ಅಡಾಪ್ಟರ್ ಮೇಲೆ 100ರಿಂದ 240 ಎಂದು ಬರೆದಿದ್ದರೆ ಪ್ಲಗ್ ಬದಲಿಸಿದರೆ ಸಾಕು.

ಊಟದ ಬಗ್ಗೆ ಒಂದು ಮಾತು. ಕುಮಾಸಿಯಲ್ಲಿ ಯಾರ ಮನೆಗೆ ಹೋದರೂ ‘ಫುಫು’ ಇಡುತ್ತಾರೆ. ಮರಗೆಣಸು ಮತ್ತು ಬಾಳೆಯನ್ನು ಬೇಯಿಸಿ ಕುಟ್ಟಿ ಮಾಡಿದ ಮುದ್ದೆ ಅದು. ನಮ್ಮ ರಾಗಿ ಮುದ್ದೆಯಂತೆಯೇ ಸಾರಿನಲ್ಲಿ ಅದ್ದಿ ಅಗಿಯದೆ ನುಂಗುತ್ತಾರೆ. ರಾಗಿಯ ನಾರು ಅದರಲ್ಲಿಲ್ಲ, ಸಕ್ಕರೆ ಬೇಗ ಏರುತ್ತದೆ. ಬೇಡ ಎಂದು ಆತಿಥ್ಯ ನಿರಾಕರಿಸುವ ಬದಲು ಚಿಕ್ಕ ಉಂಡೆ, ಹೆಚ್ಚು ಸಾರು, ಮೀನು ಎಂದು ಕೇಳಿ ಹಾಕಿಸಿಕೊಳ್ಳುವುದನ್ನು ಮಾವ ಕಲಿಯಲಿ. ಅಲ್ಲಿನ ‘ಕೊಂಟೊಮಿರೆ’ ನಮ್ಮ ಕೆಸುವಿನ ಬಳಗದ ಸೊಪ್ಪು. ಸೊಪ್ಪು ಒಳ್ಳೆಯದೇ, ಆದರೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿನ ಪರಿಣಾಮವನ್ನು ಕುಗ್ಗಿಸುತ್ತದೆ. ಒಂದು ವಾರ ಸೊಪ್ಪೇ ಸೊಪ್ಪು, ಮರುವಾರ ಇಲ್ಲವೇ ಇಲ್ಲ ಎಂದಾದರೆ ರಕ್ತದ ಹದ ತಪ್ಪುತ್ತದೆ.

ವಾರ್ಫರಿನ್ ನನಗೆ ಇನ್ಸುಲಿನ್ನಿಗಿಂತ ಹೆಚ್ಚಿನ ಚಿಂತೆ. ಅದಕ್ಕೆ ಮತ್ತೆ ಮತ್ತೆ ಐಎನ್‌ಆರ್ ಎಂಬ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ರಕ್ತಪರೀಕ್ಷೆ ಬೇಕು, ಮಲೇರಿಯಾ ತಡೆಯುವ ಹಲವು ಮಾತ್ರೆಗಳು ಅದರ ಪರಿಣಾಮವನ್ನು ಹೆಚ್ಚಿಸುತ್ತವೆ. ಎದೆಬಡಿತದ ಏರುಪೇರು ಮಾತ್ರವಿದ್ದು ಹೃದಯದ ಕವಾಟದಲ್ಲಿ ದೊಡ್ಡ ದೋಷವಿಲ್ಲದಿದ್ದರೆ ಎಪಿಕ್ಸಬಾನ್‌ನಂತಹ ಹೊಸ ಔಷಧಕ್ಕೆ ಬದಲಾಯಿಸಲು ಸಾಧ್ಯವೆ ಎಂದು ಹೃದಯ ತಜ್ಞರನ್ನು ಈ ವಾರವೇ ಕೇಳಿ. ಇದಕ್ಕೆ ಪದೇ ಪದೇ ಪರೀಕ್ಷೆ ಬೇಡ, ಸೊಪ್ಪಿನ ಲೆಕ್ಕವೂ ಬೇಡ. ಹೊರಡುವ ಹಿಂದಿನ ವಾರ ಬದಲಾಯಿಸುವುದು ತಪ್ಪು. ಹೊಸ ಔಷಧದಲ್ಲಿ ಕನಿಷ್ಠ ಒಂದೂವರೆ ತಿಂಗಳು ಇಲ್ಲಿಯೇ ಕಳೆದು ನೋಡಬೇಕು. ಮೂತ್ರ ಹೆಚ್ಚಿಸುವ ಮಾತ್ರೆಯ ಬಗ್ಗೆಯೂ ಕೇಳಿ. ಬೆವರು ಹರಿಯುವ ಊರಿನಲ್ಲಿ ಅದು ದೇಹದ ನೀರನ್ನೂ ಉಪ್ಪನ್ನೂ ಇನ್ನಷ್ಟು ಹೊರಹಾಕಿ ತಲೆಸುತ್ತು ತರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಔಷಧ ತೆಗೆದುಕೊಳ್ಳುವವರು ತಲೆಸುತ್ತಿ ಬಿದ್ದರೆ ಸಣ್ಣ ಪೆಟ್ಟೂ ದೊಡ್ಡದಾಗುತ್ತದೆ.

ತಿಂಗಳ ಮೊದಲ ಭಾನುವಾರ ಈ ಚರ್ಚಿನವರು ಎರಡು ಹೊತ್ತು ಅನ್ನ ನೀರು ಬಿಟ್ಟು ಉಪವಾಸ ಮಾಡುತ್ತಾರೆ. ಆರೋಗ್ಯ ಒಪ್ಪದವರು ಮಾಡಬೇಕಿಲ್ಲ ಎಂದು ಚರ್ಚೇ ಹೇಳುತ್ತದೆ. ಆದರೂ ಎಷ್ಟೋ ಹಿರಿಯರು ವೈದ್ಯರಿಗೆ ಹೇಳದೆ ಮಾಡುತ್ತಾರೆ. ರಾತ್ರಿ ಇನ್ಸುಲಿನ್ ಚುಚ್ಚಿಕೊಂಡು ಮರುದಿನ ಬಿಸಿಲೂರಿನಲ್ಲಿ ನೀರನ್ನೂ ಬಿಟ್ಟರೆ ಏನಾಗುತ್ತದೆ ಎಂದು ಮಾವನಿಗೆ ಅವರ ವೈದ್ಯರೇ ಬಿಡಿಸಿ ಹೇಳಲಿ. ಸೊಸೆಯ ಬಾಯಲ್ಲಿ ಅದು ನಂಬಿಕೆಯ ಮೇಲಿನ ಟೀಕೆಯಂತೆ ಕೇಳಿಸಬಹುದು.

ಇನ್ನು ಹಳದಿ ಜ್ವರದ ಲಸಿಕೆ. ನಮ್ಮ ಕಡೆ ಕಾಮಾಲೆಯನ್ನೇ ಹಳದಿ ರೋಗ ಎನ್ನುವುದುಂಟು, ಇದು ಅದಲ್ಲ. ಸೊಳ್ಳೆಯಿಂದ ಹರಡುವ ಬೇರೆಯೇ ವೈರಸ್ ಕಾಯಿಲೆ. ಲಸಿಕೆಯ ಪ್ರಮಾಣಪತ್ರವಿಲ್ಲದೆ ಘಾನಾದೊಳಗೆ ಬಿಡುವುದಿಲ್ಲ, ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಅದು ಊರ್ಜಿತ. ಇದು ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರಲ್ಲಿ, ಬಹಳ ಅಪರೂಪವಾಗಿ, ಲಕ್ಷಕ್ಕೆ ಒಂದೆರಡು ಎಂಬಷ್ಟು, ಯಕೃತ್ತು ಮತ್ತು ಮೂತ್ರಪಿಂಡಕ್ಕೆ ತಗಲುವ ತೀವ್ರ ಪ್ರತಿಕ್ರಿಯೆ ಬರಬಹುದು. ಯೌವನದಲ್ಲಿ ಹಾಕಿಸಿಕೊಂಡಿದ್ದರೆ ಆ ಭಯ ಇಲ್ಲವೆನ್ನುವಷ್ಟು ಕಡಿಮೆ. ಮಾವ ಸೈನ್ಯದಲ್ಲಿದ್ದರೆ ಹಳೆಯ ದಾಖಲೆ ಹುಡುಕಿ. ಥೈಮಸ್ ಗ್ರಂಥಿಯ ಕಾಯಿಲೆ ಇದ್ದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧದಲ್ಲಿರುವವರು ಹಾಕಿಸಲೇಬಾರದು. ವಿನಾಯಿತಿ ಪತ್ರ ಕೊಡಿ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಪತ್ರ ಗಡಿ ದಾಟಿಸುತ್ತದೆ, ಸೊಳ್ಳೆಯನ್ನು ತಡೆಯುವುದಿಲ್ಲ. ಲಸಿಕೆ ಹಾಕಿಸಲಾಗದವರಿಗೆ ಬೇರೆ ದೇಶ ಕೇಳಿಕೊಳ್ಳಿ ಎನ್ನುತ್ತೇನೆ.

ಮಲೇರಿಯಾ ಮಾತ್ರೆಯನ್ನು 18 ತಿಂಗಳೂ ನುಂಗಬೇಕು. ಮಾವನ ಮಟ್ಟಿಗೆ ಆಯ್ಕೆ ಹೃದಯ ತಜ್ಞರ ನಿರ್ಧಾರದ ಮೇಲೆ ನಿಲ್ಲುತ್ತದೆ. ಅತ್ತೆಯ ಮಟ್ಟಿಗೆ ಒಂದನ್ನು ಖಚಿತವಾಗಿ ಹೇಳುತ್ತೇನೆ: ವಾರಕ್ಕೊಂದು ಸಾಕು ಎಂಬ ಆಸೆಗೆ ಮೆಫ್ಲೋಕ್ವಿನ್ ಬೇಡ. ಅದು ಕೆಲವರಲ್ಲಿ ನಿದ್ದೆ ಕೆಡಿಸಿ, ಗಾಬರಿ ಮತ್ತು ಗೊಂದಲ ತರುತ್ತದೆ. ಮರೆವಿನ ಅನುಮಾನ ಇರುವವರಿಗೆ ಅದು ಸಲ್ಲದು. ಪ್ರತಿದಿನದ ಅಟೊವಾಕೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್ ಬಗ್ಗೆ ಕೇಳಿ, ಇಲ್ಲಿಂದಲೇ ಕೊಂಡೊಯ್ಯಿರಿ. ಎಲ್ಲ ಔಷಧವೂ ಮೂಲ ಡಬ್ಬಿಯಲ್ಲಿ, ಕೈಚೀಲದಲ್ಲಿ ಇರಲಿ.

ಅಮೆರಿಕದ ಹಿರಿಯರ ಮೆಡಿಕೇರ್ ವಿಮೆ ಹೊರದೇಶದ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಬೇರೆ ವಿಮೆ ಬೇಕೇ ಬೇಕು, ತುರ್ತಿನಲ್ಲಿ ವಿಮಾನದಲ್ಲಿ ಸಾಗಿಸುವ ಖರ್ಚು ಅದರಲ್ಲಿ ಸೇರಿದೆಯೆ ಎಂದು ನೋಡಿ. ಕುಮಾಸಿಯಲ್ಲಿ ಕೊಂಫೋ ಅನೋಚೆ ಬೋಧನಾ ಆಸ್ಪತ್ರೆ ಇದೆ, ಅಕ್ರಾದಲ್ಲಿ 1923ರಿಂದ ಕೋರ್ಲೆ ಬೂ ಆಸ್ಪತ್ರೆ ಇದೆ. ಘಾನಾದ ವೈದ್ಯರು ಮಲೇರಿಯಾವನ್ನು ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಎರಡು ಊರುಗಳ ನಡುವೆ ಸುಮಾರು 250 ಕಿಲೋಮೀಟರ್ ಇದೆ. ರಾತ್ರಿ ಹೊತ್ತು ಆ ದಾರಿಯಲ್ಲಿ ಕಾರು ಓಡಿಸಬೇಡಿ ಎಂದು ಮಾವನಿಂದ ಮಾತು ತೆಗೆದುಕೊಳ್ಳಿ. ಹಣ ಉಳಿಯುತ್ತದೆಂದು ಮೆಡಿಕೇರ್‌ನ ಬಿ ಭಾಗವನ್ನು, ಅಂದರೆ ವೈದ್ಯರ ಭೇಟಿಯಂತಹ ಖರ್ಚು ನೋಡುವ ಭಾಗವನ್ನು, ಕೈಬಿಡುವ ಮುನ್ನ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ವಿಚಾರಿಸಿ. ತಡವಾಗಿ ಮರಳಿ ಸೇರಿದರೆ ಬಿಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಶೇ 10ರಷ್ಟು ದಂಡ ಕಂತಿಗೆ ಸೇರುತ್ತದೆ. ಹೊರದೇಶದ ಸ್ವಯಂಸೇವಕರಿಗೆ ವಿನಾಯಿತಿ ಇದೆ, ಅದಕ್ಕೆ ಷರತ್ತುಗಳಿವೆ.

ಈಗ ಅತ್ತೆ.

ಎಲ್ಲರೂ ಮರೆಯುತ್ತಾರೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಹೆಸರು ನಾಲಗೆಯ ತುದಿಯಲ್ಲಿದ್ದು ಬಾರದಿರುವುದು ವಯಸ್ಸಿನ ಸಹಜ ಮರೆವು. ಕೇಳಿದ್ದನ್ನೇ ಕೇಳುವುದು ಬೇರೆ. ಉತ್ತರ ಸಿಕ್ಕಿತ್ತು ಎಂಬ ನೆನಪೇ ಅಲ್ಲಿ ಉಳಿದಿರುವುದಿಲ್ಲ. ಕೈಗೆ ಅಭ್ಯಾಸವಾದ ಅಡುಗೆಯ ಕ್ರಮ ತಪ್ಪುವುದೂ ಹಾಗೆಯೇ. ಇದು ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಎಂದು ನಾನು ಹೇಳುತ್ತಿಲ್ಲ, ಪತ್ರ ಓದಿ ಹಾಗೆ ಹೇಳಲೂ ಬಾರದು. ಅಂಗಡಿಯ ಆ ನಿದ್ದೆ ಮಾತ್ರೆಯ ಡಬ್ಬಿಯ ಹಿಂದೆ ಏನು ಬರೆದಿದೆ ಎಂದು ನೋಡಿ. ಡೈಫೆನ್‌ಹೈಡ್ರಮೀನ್ ಎಂದಿದ್ದರೆ ಅದೇ ಮೊದಲ ಆರೋಪಿ. ಈ ವಯಸ್ಸಿನವರಲ್ಲಿ ಅದು ನೆನಪನ್ನು ಮಸುಕಾಗಿಸುತ್ತದೆ. ಬಿಟ್ಟ ಕೆಲವು ವಾರಗಳಲ್ಲಿ ಮೊದಲಿನಂತಾದವರನ್ನು ನಾನು ನೋಡಿದ್ದೇನೆ. ಉಸಿರಾಟದ ಯಂತ್ರದ ಮುಖವಾಡ ಸರಿಯಾಗಿ ಕೂರದಿದ್ದರೂ ಮಿದುಳಿಗೆ ನಿದ್ದೆಯಿಲ್ಲದೆ ಮರೆವು ಬರುತ್ತದೆ. ಥೈರಾಯ್ಡ್, ವಿಟಮಿನ್ ಬಿ12 ಕೊರತೆ, ಖಿನ್ನತೆ, ಕಿವಿ ಮಂದವಾಗುವುದು, ಎಲ್ಲವನ್ನೂ ನೋಡಬೇಕು. ಇವುಗಳಲ್ಲಿ ಹಲವಕ್ಕೆ ಮದ್ದಿದೆ.

ಇಷ್ಟಾದರೂ ಪರೀಕ್ಷೆ ಮಾಡಿಸದೆ ಕಳಿಸಬೇಡಿ ಎಂದು ಒತ್ತಿ ಹೇಳಲು ಕಾರಣವಿದೆ. ನಲವತ್ತು ವರ್ಷ ಇದ್ದ ಮನೆಯಲ್ಲಿ ನೆನಪಿನ ಅರ್ಧ ಕೆಲಸವನ್ನು ಗೋಡೆಗಳೇ ಮಾಡುತ್ತವೆ. ಯಾವ ಕಪಾಟಿನಲ್ಲಿ ಏನು, ಯಾವ ತಿರುವಿನಲ್ಲಿ ಅಂಗಡಿ ಎಂದು ಕೈಕಾಲಿಗೆ ಗೊತ್ತಿರುತ್ತದೆ, ಮಿದುಳಿಗೆ ಕೆಲಸ ಕಡಿಮೆ. ಆ ಮನೆಯಿಂದ ಎಬ್ಬಿಸಿ ಹೊಸ ಬೀದಿ, ಹೊಸ ನಾಣ್ಯ, ಹೊಸ ಮುಖಗಳ ನಡುವೆ ಇಟ್ಟಾಗ ಮುಚ್ಚಿಕೊಂಡಿದ್ದ ಕೊರತೆ ಒಮ್ಮೆಲೇ ಬಯಲಾಗುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬರುತ್ತಿದ್ದ ಒಬ್ಬ ನಿವೃತ್ತ ಶಿಕ್ಷಕರು ಹೀಗೆಯೇ ಸಣ್ಣ ಮರೆವನ್ನು ನನಗೂ ಹೇಳದೆ ಹೆಂಡತಿಯೊಂದಿಗೆ ಹೊರದೇಶಕ್ಕೆ ಹೋದರು. ಏಳನೆಯ ವಾರ ಸಂತೆಯಲ್ಲಿ ದಾರಿ ತಪ್ಪಿ, ಸಂಜೆಯವರೆಗೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರಂತೆ. ವಾಪಸು ಬಂದ ಮೇಲೆ ಅವರನ್ನು ಕುಗ್ಗಿಸಿದ್ದು ಕಾಯಿಲೆಗಿಂತ ಹೆಚ್ಚಾಗಿ ಅರ್ಧದಲ್ಲಿ ಬಿಟ್ಟು ಬಂದೆ ಎಂಬ ನಾಚಿಕೆ. ಅರ್ಜಿಯ ಮೇಲೆ ಸಹಿ ಹಾಕಿದ್ದವನು ನಾನು. ನೆನಪಿನ ಬಗ್ಗೆ ನಾನಾಗಿ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅಂದಿನಿಂದ ಅರವತ್ತೈದು ದಾಟಿದ ಯಾರಿಗೂ ನೆನಪಿನ ಪರೀಕ್ಷೆಯಿಲ್ಲದೆ ನಾನು ಸಹಿ ಹಾಕಿಲ್ಲ.

ಪರೀಕ್ಷೆ ಸರಳವಾದದ್ದು. ಗಡಿಯಾರ ಬಿಡಿಸುವುದು, ಐದು ಪದ ನೆನಪಿಟ್ಟುಕೊಳ್ಳುವುದು, ನೂರರಿಂದ ಏಳೇಳನ್ನು ಕಳೆಯುತ್ತಾ ಬರುವುದು. ‘ಮೋಕಾ’ ಎನ್ನುತ್ತಾರೆ, ಮೂವತ್ತು ಅಂಕ, ಹತ್ತು ನಿಮಿಷದ ಕೆಲಸ. 26 ಮತ್ತು ಅದಕ್ಕಿಂತ ಮೇಲಿದ್ದರೆ ಸಾಮಾನ್ಯ. ಕಡಿಮೆ ಬಂದರೆ ಮುಂದಿನ ತಪಾಸಣೆ. ನಿದ್ದೆ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿಲ್ಲಿಸಿ ಆರು ವಾರ ಬಿಟ್ಟು ಮತ್ತೆ ನೋಡಬಹುದು. ಹನ್ನೊಂದು ವಾರದಲ್ಲಿ ಅದಕ್ಕೆ ಸಮಯವಿದೆ, ಇವತ್ತೇ ಶುರುಮಾಡಿದರೆ.

ಸೊಸೆಯಾಗಿ ನೀವು ಬಾಯಿ ಬಿಡಬೇಕೆ ಎಂದು ಕೇಳಿದ್ದೀರಿ. ಬಿಡಬೇಕು, ಮೊದಲು ನಿಮ್ಮ ಗಂಡನ ಹತ್ತಿರ. ನಿಮ್ಮ ಸ್ಥಳೀಯ ಸಭೆಯ ಮುಖ್ಯಸ್ಥರಾದ ಬಿಷಪ್ಪರ ಬಳಿಗೆ ನೇರವಾಗಿ ಹೋಗಬೇಡಿ. ಅತ್ತೆಗೆ ಅದು ಊರೆಲ್ಲ ಗೊತ್ತಾದಂತೆ ಅನ್ನಿಸುತ್ತದೆ. ತಾಯಿಯೊಂದಿಗೆ ಮಗ ಒಬ್ಬನೇ ಕುಳಿತು, “ನಿನಗೆ ಮರೆವು” ಎನ್ನದೆ, “ನಿದ್ದೆ ಮಾತ್ರೆ ನಿನಗೆ ಒಗ್ಗುತ್ತಿಲ್ಲವೇನೋ, ಹೊರಡುವ ಮೊದಲು ಡಾಕ್ಟರನ್ನು ಕೇಳೋಣ” ಎಂದು ಶುರುಮಾಡಲಿ. ಅದು ಸುಳ್ಳೂ ಅಲ್ಲ. ಬಹಳ ಸಲ ಅವರಿಗೇ ಅನುಮಾನ ಇರುತ್ತದೆ, ಯಾರಾದರೂ ಕೇಳಲಿ ಎಂದು ಕಾಯುತ್ತಿರುತ್ತಾರೆ. ಅವರು ಒಪ್ಪದೇ ಹೋದರೆ ನೀವು ಕಂಡದ್ದನ್ನು ದಿನಾಂಕ ಸಹಿತ ಒಂದು ಹಾಳೆಯಲ್ಲಿ ಬರೆದು ಅವರ ವೈದ್ಯರಿಗೆ ತಲುಪಿಸಬಹುದು. ಅವರ ಅನುಮತಿಯಿಲ್ಲದೆ ವೈದ್ಯರು ನಿಮಗೆ ಏನನ್ನೂ ಹೇಳಲಾರರು, ಆದರೆ ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಅವರಿಗೆ ಅಡ್ಡಿಯಿಲ್ಲ.

ಪರೀಕ್ಷೆ ಚೆನ್ನಾಗಿ ಬಂದು, ಮಾವನ ಔಷಧ ಹೊಂದಿಕೊಂಡರೆ ಕುಮಾಸಿಗೆ ಹೋಗಲಿ; ಮಾವನ ಔಷಧದ ಡಬ್ಬಿ ಮಾವನ ಕೈಯಲ್ಲೇ ಇರಲಿ. ಎಲ್ಲ ಎಚ್ಚರ ವಹಿಸಿದರೂ ಪರಿಚಿತ ಆಸ್ಪತ್ರೆ ದೂರವೆಂಬ ಅಪಾಯ ಉಳಿದೇ ಉಳಿಯುತ್ತದೆ, ಅದನ್ನು ಒಪ್ಪಿಕೊಂಡೇ ಹೋಗಬೇಕು. ಫಲಿತಾಂಶ ಅನುಮಾನದಲ್ಲಿದ್ದರೆ ಹೊರಡುವ ದಿನವನ್ನು ಮುಂದೂಡಲು ಕೇಳಿಕೊಳ್ಳುವುದು ಉತ್ತಮ. ಮರೆವು ಸಣ್ಣ ಪ್ರಮಾಣದಲ್ಲಿ ಖಚಿತವಾದರೆ ಅಮೆರಿಕದೊಳಗೇ ಆರು ತಿಂಗಳ ಮಿಷನ್ ಕೇಳಬಹುದು. ಭಾಷೆ, ಔಷಧ, ವೈದ್ಯರು ಪರಿಚಿತ. ಆದರೆ ಮನೆ ಹೊಸದು, ನಾನು ಹೇಳಿದ ಗೋಡೆಗಳ ತೊಂದರೆ ಅಲ್ಲಿಯೂ ಇದೆ. ನಾನಾಗಿದ್ದರೆ ಆ ಸ್ಥಿತಿಯಲ್ಲಿ ಮನೆಯಲ್ಲೇ ಇದ್ದು ಮಾಡುವ ಸೇವಾ ಮಿಷನ್ ಆರಿಸುತ್ತೇನೆ. ವಾರಕ್ಕೆ ಇಷ್ಟು ಗಂಟೆ ಎಂದು ಒಪ್ಪಿಕೊಂಡು ಸಾಲ್ಟ್ ಲೇಕ್‌ನ ಚರ್ಚಿನ ನೆರವು ಕೇಂದ್ರವಾದ ವೆಲ್ಫೇರ್ ಸ್ಕ್ವೇರ್‌ನಲ್ಲಿ ಆಹಾರದ ಡಬ್ಬಿಗಳನ್ನು ಜೋಡಿಸುವುದು, ಫ್ಯಾಮಿಲಿ ಸರ್ಚ್ ಗ್ರಂಥಾಲಯದಲ್ಲಿ ವಂಶಾವಳಿ ಹುಡುಕುವವರಿಗೆ ನೆರವಾಗುವುದು, ಸಂಜೆ ತಮ್ಮ ಹಾಸಿಗೆಯಲ್ಲೇ ಮಲಗುವುದು. ಅತ್ತೆಗೆ ಇದು ಕೆಳದರ್ಜೆಯದು ಅನ್ನಿಸಬಹುದು. ಘಾನಾ ಎಂದು ಎಲ್ಲರಿಗೂ ಹೇಳಿಯಾಗಿದೆ, ಬೀಳ್ಕೊಡುಗೆಯ ದಿನವೂ ಗೊತ್ತಾಗಿದೆ. ಆ ಬೇಸರ ದೊಡ್ಡದೇ, ಅದನ್ನು ಹಗುರ ಮಾಡಿ ಮಾತನಾಡಬೇಡಿ. ಆ ನಿವೃತ್ತ ಶಿಕ್ಷಕರು ವಾಪಸು ಬಂದ ಮರುವರ್ಷ ಇದೇ ಸೇವಾ ಮಿಷನ್ ಸೇರಿದರು. ಹೆಂಡತಿಯ ಪಕ್ಕದಲ್ಲಿ ನಿಂತು ಪೀಚ್ ಹಣ್ಣಿನ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ ಅವರನ್ನು ನಾನು ನೋಡಿದ್ದೇನೆ. ಎದೆಯ ಮೇಲೆ ಹೆಸರಿನ ಫಲಕ ಹಾಗೆಯೇ ಇತ್ತು.

ಈ ವಾರ ಮಾಡಬೇಕಾದದ್ದು ಎರಡು: ಅತ್ತೆಯ ವೈದ್ಯರ ಬಳಿ ಮೂವತ್ತು ನಿಮಿಷದ ಸಮಯ, ಮಾವನ ಹೃದಯ ತಜ್ಞರ ಬಳಿ ಇನ್ನೊಂದು. ಅತ್ತೆಯೊಂದಿಗೆ ಮಗನೇ ಹೋಗಲಿ, ನಿದ್ದೆ ಮಾತ್ರೆಯ ಡಬ್ಬಿ ಜೇಬಿನಲ್ಲಿರಲಿ. ಫಲಿತಾಂಶ ಬಂದ ಮೇಲೆ ಮತ್ತೆ ಬರೆಯಿರಿ.